ಚಿಲ್ಲರೆ ನಿಮಿಷಗಳ ಪಿಗ್ಮಿ ಖಾತೆ

ಬಾಗಲಕೋಟೆ ಜಿಲ್ಲೆಯ ಕಲಾದಗಿಯ ಸಂತೆ ಬೀದಿಯಲ್ಲಿ ಕಾಯಿಪಲ್ಲೆ ಮಾರುವ ಒಬ್ಬ ಅಕ್ಕ ಇದ್ದಾರೆ. ಮುಂಜಾನೆ ಮೊದಲ ಗಿರಾಕಿ ಕೊಟ್ಟ ದುಡ್ಡಿನಲ್ಲಿ ಇಪ್ಪತ್ತು ರೂಪಾಯಿ ತೆಗೆದು ತಾವು ಕೂತ ಗೋಣಿಚೀಲದ ಅಡಿ ಇಡುತ್ತಾರೆ. ಸಂಜೆ ನಮ್ಮ ಸೊಸೈಟಿಯ ಪಿಗ್ಮಿ ಏಜೆಂಟ್, ಅಂದರೆ ದಿನದ ಸಣ್ಣ ಉಳಿತಾಯ ಕೂಡಿಸಿಕೊಂಡು ಹೋಗುವವರು, ಬಂದಾಗ ಆ ನೋಟು ಅಲ್ಲೇ ಇರುತ್ತದೆ. ಒಂದು ದಿನ ಸೌತೆಕಾಯಿ ಆರಿಸುತ್ತ ಕೇಳಿದೆ, "ಸಂಜೀಕ ಗಲ್ಲಾದಾಗಿಂದ ತಗದು ಕೊಟ್ರ ನಡೀಯಂಗಿಲ್ಲೇನ್ರೀ?" ಅಂತ. ಅವರು ತಕ್ಕಡಿಯಿಂದ ಕಣ್ಣು ಎತ್ತಲಿಲ್ಲ. "ಸಂಜೀತನಕ ಉಳದ್ರ ಕೊಡೋಣಂದ್ರ ಒಂದ ದಿನಾನೂ ಉಳಿಯಂಗಿಲ್ರೀ ಅಕ್ಕಾರ. ಮೊದಲ ತಗದಿಟ್ರ ಅಷ್ಟ ನಂದು."

ನಾನು ಆ ಸೊಸೈಟಿಯಲ್ಲಿ ಲೆಕ್ಕ ಬರೆಯುವವಳು. ದಿನಕ್ಕೆ 20 ರೂಪಾಯಿ ಅಂದರೆ ವರ್ಷಕ್ಕೆ 7,300, ಮೇಲೆ ಬಡ್ಡಿ. ಈ ಪದ್ಧತಿ ನಮ್ಮ ನಾಡಿನದೇ. 1928ರಲ್ಲಿ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಬ್ಯಾಂಕು ಇದನ್ನು ಶುರು ಮಾಡಿತು. ದಿನಕ್ಕೆ ಎರಡಾಣೆ ಇದ್ದರೂ ಸಾಕಿತ್ತು, ಏಜೆಂಟ್ ಮನೆ ಬಾಗಿಲಿಗೇ ಬರುತ್ತಿದ್ದ. ಪಿಗ್ಮಿಯ ಗುಟ್ಟು ಸಣ್ಣ ಮೊತ್ತದಲ್ಲಿಲ್ಲ. ಸಣ್ಣ ಮೊತ್ತ ಎಲ್ಲರ ಕೈಯಲ್ಲೂ ಬಂದು ಹೋಗುತ್ತದೆ. ಗುಟ್ಟು ಇರುವುದು ಮೂರು ಕಡೆ: ಮೊದಲೇ ತೆಗೆದಿಡುವುದು, ಗೊತ್ತಾದ ಹೊತ್ತಿಗೆ ಒಬ್ಬರು ಬಂದು ಕೇಳುವುದು, ಪುಸ್ತಕದಲ್ಲಿ ಬರೆಯುವುದು.

ದಿನದಲ್ಲಿ ಉದುರಿಹೋಗುವ ಚಿಲ್ಲರೆ ಹೊತ್ತನ್ನೂ ಹೀಗೇ ಕೂಡಿಸಬಹುದು. ದಿನಕ್ಕೆ 15 ನಿಮಿಷ ಅಂದರೆ ವರ್ಷಕ್ಕೆ 91 ಗಂಟೆ. ಆದರೆ ಹೊತ್ತನ್ನು ಕೇಳಲು ಯಾವ ಏಜೆಂಟೂ ಬರುವುದಿಲ್ಲ. "ಟೈಮ್ ಉಳಿದರೆ ಕಲೀತೀನಿ" ಅಂತ ನಾನು ಎಷ್ಟೋ ವರ್ಷ ಹೇಳಿದೆ, ಒಂದು ದಿನವೂ ಉಳಿಯಲಿಲ್ಲ. ಎರಡು ವರ್ಷದಿಂದ ಬೇರೆ ರೀತಿ ಮಾಡುತ್ತಿದ್ದೇನೆ. ಅದನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ನಿಮ್ಮ ಊರು, ನಿಮ್ಮ ಕೆಲಸ ಬೇರೆ ಇರಬಹುದು. ಕ್ರಮ ಮಾತ್ರ ಇದೇ ಸಾಕು.

ಮೊದಲ ಮೂರು ದಿನ ಸುಮ್ನೆ ನೋಡಿ

ಏನನ್ನೂ ಬದಲಿಸಬೇಡಿ. ಒಂದು ಚೀಟಿ, ಒಂದು ಪೆನ್ನು ಜೊತೆಗಿರಲಿ. ಎಲ್ಲೆಲ್ಲಿ ಕಾಯುತ್ತೀರಿ, ಎಷ್ಟು ಹೊತ್ತು, ಆಗ ಕೈ ಏನು ಮಾಡುತ್ತಿತ್ತು, ಅಷ್ಟೇ ಬರೆಯಿರಿ. ಅಂದಾಜು ಬೇಡ, ಗಡಿಯಾರ ನೋಡಿ. ನಮ್ಮ ಅಂದಾಜು ಬಹಳ ಸಲ ತಪ್ಪಿರುತ್ತದೆ.

ನನ್ನ ಚೀಟಿಯಲ್ಲಿ ಬಂದದ್ದು ಹೀಗೆ. ರೊಟ್ಟಿಗೆ ಎಸರಿಟ್ಟು ನೀರು ಕುದಿಯುವವರೆಗೆ 6 ನಿಮಿಷ. ನವನಗರದ ಬಸ್ ಸ್ಟ್ಯಾಂಡಿನಲ್ಲಿ 10 ನಿಮಿಷ, ಒಮ್ಮೊಮ್ಮೆ 20. ಬಸ್ಸಿನಲ್ಲಿ ಕಲಾದಗಿ ತನಕ ಮುಕ್ಕಾಲು ಗಂಟೆ. ಆಫೀಸಿನ ಹಳೇ ಕಂಪ್ಯೂಟರ್ ಚಾಲೂ ಆಗಲು 4 ನಿಮಿಷ. ಮಗಳ ಟ್ಯೂಷನ್ ಬಿಡುವ ತನಕ ಹೊರಗೆ ಕಟ್ಟೆಯ ಮೇಲೆ 15 ನಿಮಿಷ. ನಳ ಬರುವ ದಿನ ಡ್ರಮ್ಮು, ಕೊಡ ತುಂಬುವವರೆಗೆ ಅರ್ಧ ಗಂಟೆ. ಇದರಲ್ಲಿ ಹೆಚ್ಚಿನ ಹೊತ್ತು ಕೈಯಲ್ಲಿ ಮೊಬೈಲ್ ಇತ್ತು. ಮೂರನೇ ದಿನ ರಾತ್ರಿ ಚೀಟಿ ನೋಡುತ್ತ ಕೂತೆ. ಆ ಮೊಬೈಲಿನಲ್ಲಿ ಏನು ನೋಡಿದೆ ಅಂತ ಎಷ್ಟು ಯೋಚಿಸಿದರೂ ಒಂದೂ ನೆನಪಾಗಲಿಲ್ಲ. ಅದು ನನಗೆ ಬಹಳ ಚುಚ್ಚಿತು.

ಕೈ, ಕಣ್ಣು, ಕಿವಿ

ಎಲ್ಲ ಐದು ನಿಮಿಷಗಳೂ ಒಂದೇ ಅಲ್ಲ. ಚೀಟಿಯ ಪ್ರತಿಯೊಂದು ಸಾಲಿನ ಮುಂದೆ ಆಗ ಏನು ಖಾಲಿ ಇರುತ್ತದೆ ಅಂತ ಬರೆಯಿರಿ. ಕೈಯೋ, ಕಣ್ಣೋ, ಕಿವಿಯೋ?

ಎಸರಿನ ಮುಂದೆ ನಿಂತಾಗ ಕೈ, ಕಣ್ಣು ಎರಡೂ ಖಾಲಿ, ಆದರೆ ಒಲೆ ಬಿಟ್ಟು ದೂರ ಹೋಗುವ ಹಾಗಿಲ್ಲ. ರೊಟ್ಟಿ ಬಡಿಯುವಾಗ ಕೈಗೂ ಕಣ್ಣಿಗೂ ಕೆಲಸ, ಕಿವಿ ಖಾಲಿ. ಬಸ್ಸಿನದು ಇನ್ನೂ ಬೇರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಬಸ್ಸು ಉಚಿತ ಆದ ಮೇಲೆ ನಮ್ಮಂಥ ಹೆಣ್ಣುಮಕ್ಕಳ ಓಡಾಟ ಜಾಸ್ತಿ ಆಗಿದೆ. ಒಳ್ಳೆಯದೇ ಆಯಿತು. ಆದರೆ ಸೀಟು ಸಿಗುವುದು ಖಾತ್ರಿ ಇಲ್ಲ. ಒಂದು ಕೈಯಲ್ಲಿ ಮೇಲಿನ ಕಂಬಿ, ಇನ್ನೊಂದರಲ್ಲಿ ಡಬ್ಬಿಯ ಚೀಲ. ಅಲ್ಲಿ ಪುಸ್ತಕ ಬಿಚ್ಚುತ್ತೇನೆ ಅನ್ನುವುದು ಆಗದ ಮಾತು. ನವನಗರದಿಂದ ಗದ್ದನಕೇರಿ ಕ್ರಾಸ್ ತನಕ ಸ್ವಲ್ಪ ಉಸಿರಾಡಲು ಜಾಗ ಇರುತ್ತದೆ. ಕ್ರಾಸಿನಲ್ಲಿ ಜನ ಹತ್ತಿದರೆ ಮುಗಿಯಿತು, ತುಳಸಿಗೇರಿ ದಾಟುವವರೆಗೆ ಗದ್ದಲ. ಹಾಗಾಗಿ ನಾನು ಲೆಕ್ಕಕ್ಕೆ ಹಿಡಿದದ್ದು ಕ್ರಾಸಿನ ತನಕದ ಹೊತ್ತು ಮಾತ್ರ. ಆಗ ಕೈ ಖಾಲಿ ಇರುವುದಿಲ್ಲ, ತಲೆ ಮಾತ್ರ ಖಾಲಿ.

ಈ ವಿಂಗಡಣೆಯನ್ನು ತಪ್ಪಿಸಬೇಡಿ. "ಬಸ್ಸಿನಲ್ಲಿ ಓದಬೇಕು ಅಂದುಕೊಂಡೆ, ಆಗಲಿಲ್ಲ, ನನ್ನಲ್ಲಿ ಛಲ ಇಲ್ಲ" ಅಂತ ಎಷ್ಟೋ ಜನ ತಮ್ಮನ್ನೇ ಬೈದುಕೊಳ್ಳುತ್ತಾರೆ. ಛಲಕ್ಕೇನೂ ಕೊರತೆ ಇರುವುದಿಲ್ಲ. ಕೈಗೆ ಕೆಲಸ ಇದ್ದ ಹೊತ್ತಿಗೆ ಕೈಯ ಕೆಲಸವನ್ನೇ ಇಟ್ಟುಕೊಂಡಿರುತ್ತಾರೆ, ಅಷ್ಟೇ.

ಇದನ್ನು ನಮ್ಮ ಹಿಂದಿನವರು ಚೆನ್ನಾಗಿ ಬಲ್ಲವರಾಗಿದ್ದರು. ನಸುಕಿನಲ್ಲಿ ಜೋಳ ಬೀಸುವಾಗ ಕೈ ಬೀಸುಕಲ್ಲಿನ ಗೂಟದ ಮೇಲೆ, ಬಾಯಿ ಮತ್ತು ಮನಸ್ಸು ಬಿಡುವು. ಆ ಬಿಡುವಿನಲ್ಲಿ ಹುಟ್ಟಿದ್ದು ಬೀಸುವ ಹಾಡುಗಳು, ಹೆಚ್ಚಿನವು ತ್ರಿಪದಿಯಲ್ಲಿ. ಮೂರೇ ಸಾಲು. ಕಲ್ಲು ತಿರುಗುತ್ತಿರುವಾಗಲೇ ಕಟ್ಟಬಹುದು, ತಿರುಗುತ್ತಿರುವಾಗಲೇ ಬಾಯಿಪಾಠ ಮಾಡಬಹುದು. ಕನ್ನಡದ ತೀರಾ ಹಳೆಯ ತ್ರಿಪದಿಗಳು ಸಿಗುವುದೂ ನಮ್ಮ ಜಿಲ್ಲೆಯಲ್ಲೇ, ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಸುಮಾರು ಕ್ರಿ.ಶ. 700ರ ಕಾಲದ್ದು. ನನ್ನ ಅಜ್ಜಿಗೆ ಓದು ಬರುತ್ತಿರಲಿಲ್ಲ. ಆದರೆ ಬೀಸುವ ಹಾಡು ರಾತ್ರಿಯಿಡೀ ಹೇಳುವಷ್ಟು ಬರುತ್ತಿತ್ತು. ಅದಕ್ಕಾಗಿ ಅವಳು ಬೇರೆ ಹೊತ್ತು ತೆಗೆದದ್ದನ್ನು ಯಾರೂ ನೋಡಿಲ್ಲ.

ಖಾತೆ ಒಂದೇ ಇರಲಿ

ಮೊದಲ ಸಲ ನಾನು ಐದು ಖಾತೆ ತೆರೆದೆ. ಕಂಪ್ಯೂಟರಿನಲ್ಲಿ ಲೆಕ್ಕ ಮಾಡುವ ಎಕ್ಸೆಲ್ ಕಲಿಯಬೇಕು, ಇಂಗ್ಲಿಷ್ ಸುಧಾರಿಸಬೇಕು, ದಿನಕ್ಕೊಂದು ವಚನ ಬಾಯಿಪಾಠ ಆಗಬೇಕು, ಪ್ರಾಣಾಯಾಮ ಮಾಡಬೇಕು, ದಿನಚರಿ ಬರೆಯಬೇಕು. ಎರಡನೇ ವಾರಕ್ಕೆ ಐದೂ ನಿಂತವು. ಬಸ್ಸು ಹತ್ತಿದ ಕೂಡಲೇ ಈಗ ಯಾವುದು ಅಂತ ಯೋಚಿಸುವುದರಲ್ಲೇ ಗದ್ದನಕೇರಿ ಕ್ರಾಸ್ ಬಂದುಬಿಡುತ್ತಿತ್ತು. ಐದು ನಿಮಿಷದ ಹೊತ್ತಿನಲ್ಲಿ ಎರಡು ನಿಮಿಷ ಆರಿಸುವುದಕ್ಕೇ ಹೋದರೆ ಉಳಿಯುವುದೇನು?

ಒಂದು ಅಮಾವಾಸ್ಯೆಯಿಂದ ಮುಂದಿನ ಅಮಾವಾಸ್ಯೆ ತನಕ ತಲೆಯ ಕೆಲಸ ಒಂದೇ ಇರಲಿ. ಬೇಕಾದರೆ ಕೈಗೊಂದು ಬೇರೆ ಇಟ್ಟುಕೊಳ್ಳಿ, ಅದು ಇದಕ್ಕೆ ಅಡ್ಡ ಬರುವುದಿಲ್ಲ. ಆರಿಸುವಾಗ ನಿಮ್ಮನ್ನು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದು ಬಾರದ್ದಕ್ಕೆ ಕಳೆದ ತಿಂಗಳು ನನಗೆ ಎಲ್ಲಿ ಕಷ್ಟ ಆಯಿತು? ನನಗೆ ಉತ್ತರ ಸುಲಭವಾಗಿ ಸಿಕ್ಕಿತು. ತಿಂಗಳ ಕೊನೆಗೆ ಏಜೆಂಟ್ ವಾರು ಪಿಗ್ಮಿ ಮೊತ್ತ ತೆಗೆಯಬೇಕು. ನಾನು ಕ್ಯಾಲ್ಕುಲೇಟರ್ ಒತ್ತುತ್ತ ಸಂಜೆ ಏಳರವರೆಗೆ ಕೂರುತ್ತಿದ್ದೆ, ಕೊನೆಯ ಬಸ್ಸಿನ ಚಿಂತೆ ಬೇರೆ. ನಂತರ ಕೆಲಸಕ್ಕೆ ಸೇರಿದ ಹುಡುಗ ಅದನ್ನೇ ಎಕ್ಸೆಲ್ಲಿನಲ್ಲಿ ಕ್ಷಣದಲ್ಲಿ ತೆಗೆದು ತೋರಿಸಿದ. ಹಾಗಾಗಿ ಎಕ್ಸೆಲ್ ಆರಿಸಿಕೊಂಡೆ. ಉಳಿದ ನಾಲ್ಕು ಒಳ್ಳೆಯ ಕೆಲಸಗಳೇ, ಆದರೆ ಆಗ ಅವು ಬೇಕು ಅಂತ ಯಾವ ಕಷ್ಟವೂ ಕೇಳುತ್ತಿರಲಿಲ್ಲ.

ಗೂಟಕ್ಕೆ ಕಟ್ಟಿ

ಕೆಲಸ ಆರಿಸಿದಿರಿ. ಇನ್ನು ಅದನ್ನು ದಿನಾಲೂ ನಡೆದೇ ನಡೆಯುವ ಒಂದು ಸಂಗತಿಗೆ ಕಟ್ಟಬೇಕು. "ದಿನಾ ಸ್ವಲ್ಪ ಕಲೀತೀನಿ" ಅಂದರೆ ಅದು ಕಟ್ಟದೆ ಬಿಟ್ಟ ಎಮ್ಮೆಯ ಹಾಗೆ, ಯಾವ ಹೊಲಕ್ಕಾದರೂ ಹೋಗುತ್ತದೆ. "ಇಂಥದ್ದು ಆದಾಗ, ನಾನು ಇಂಥದ್ದು ಮಾಡುತ್ತೇನೆ" ಅಂತ ಒಂದೇ ವಾಕ್ಯದಲ್ಲಿ ಬರೆಯಿರಿ. ಪೀಟರ್ ಗಾಲ್‌ವಿಟ್ಸರ್ ಎಂಬ ಮನಶ್ಶಾಸ್ತ್ರಜ್ಞ 1999ರಲ್ಲಿ ಇದರ ಬಗ್ಗೆ ವಿವರವಾಗಿ ಬರೆದಿದ್ದಾರೆ. ಬರೀ ಗುರಿ ಇಟ್ಟುಕೊಂಡವರಿಗಿಂತ, ಯಾವಾಗ, ಎಲ್ಲಿ, ಹೇಗೆ ಅಂತ ಮೊದಲೇ ಗೊತ್ತು ಮಾಡಿಕೊಂಡವರು ಕೆಲಸ ಮುಗಿಸುವುದು ಹೆಚ್ಚು. ಆ ಗಳಿಗೆ ಬಂದಾಗ ಮತ್ತೆ ತೀರ್ಮಾನ ಮಾಡುವ ಕೆಲಸ ಇರುವುದಿಲ್ಲ ಅಲ್ವಾ, ಅದಕ್ಕೆ.

ನನ್ನ ಗೂಟ ಬಸ್ಸಿನ ಟಿಕೆಟ್. ಹೆಣ್ಣುಮಕ್ಕಳಿಗೆ ದುಡ್ಡಿಲ್ಲದಿದ್ದರೂ ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಡುತ್ತಾರೆ. ಅದು ಕೈಗೆ ಬಂದಾಗ ನನ್ನ ಪಾಠ ಶುರು. ಇಷ್ಟೇ ನನ್ನ ವಾಕ್ಯ: "ಟಿಕೆಟ್ ಕೈಗೆ ಬಂದಾಗ, ನಿನ್ನೆಯ ಸೂತ್ರವನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇನೆ."

ಗೂಟ ಆರಿಸುವಾಗ ಹೊತ್ತಿಗಿಂತ ಸಂಗತಿಯನ್ನು ನಂಬಿ. "ಎಂಟೂ ಹತ್ತಕ್ಕೆ" ಅಂತ ಇಟ್ಟರೆ ಬಸ್ಸು ತಡವಾದ ದಿನ ಕೆಡುತ್ತದೆ. ಟಿಕೆಟ್ ಮಾತ್ರ ಎಷ್ಟು ತಡವಾದರೂ ಬಂದೇ ಬರುತ್ತದೆ. ಹೊಲಕ್ಕೆ ಹೋಗುವವರಿಗೆ ಮೋಟಾರ್ ಚಾಲೂ ಮಾಡಿ ನೀರು ಮಡಿಗೆ ಬರುವ ತನಕದ ಹೊತ್ತು ಇದೆ. ಕಬ್ಬಿನ ಗಾಡಿ ಹೊಡೆಯುವವರಿಗೆ ಫ್ಯಾಕ್ಟರಿಯ ಮುಂದಿನ ಸಾಲು ಇದೆ. ಅಂಗಡಿ ನಡೆಸುವವರು ಶಟರ್ ಎತ್ತಿ ಊದುಬತ್ತಿ ಹಚ್ಚಿದ ಗಳಿಗೆಗೆ ಕಟ್ಟಬಹುದು.

ಸಾಮಾನು ಕೈಗೆ ಸಿಗುವ ಹಾಗಿರಲಿ. ಇದು ಸಣ್ಣ ಮಾತು ಅನ್ನಿಸಬಹುದು, ಆದರೆ ಅರ್ಧ ಕೆಲಸ ಇದೇ. ಕಾಯಿಪಲ್ಲೆ ಅಕ್ಕ ನೋಟನ್ನು ಮೊದಲೇ ತೆಗೆದಿಡುವ ಹಾಗೆ, ನಾಳೆಯ ಪಾಠದ ಚೀಟಿ ಇವತ್ತು ರಾತ್ರಿಯೇ ಸಿದ್ಧ ಇರಬೇಕು. ನಾನು ಬೆರಳುದ್ದದ ಚೀಟಿಯನ್ನು ಮೊಬೈಲಿನ ಕವರ್ ಒಳಗೆ, ಪರದೆಯ ಕಡೆ ಮಡಚಿ ಇಡುತ್ತೇನೆ. ಮೊಬೈಲ್ ತೆಗೆದರೆ ಮೊದಲು ಚೀಟಿ ಕಾಣುತ್ತದೆ. ಬಸ್ಸಿನಲ್ಲಿ ಮೊಬೈಲ್ ಇರುವುದು ಡಬ್ಬಿಯ ಚೀಲದ ತಳದಲ್ಲಿ, ಡಬ್ಬಿಯ ಕೆಳಗೆ. ತೆಗೆಯಬೇಕಾದರೆ ಡಬ್ಬಿ ಎತ್ತಬೇಕು. ಅಷ್ಟು ತ್ರಾಸು ಸಾಕು, ಕೈ ಹಿಂದೆ ಸರಿಯುತ್ತದೆ.

ಓದುವುದಕ್ಕಿಂತ ನೆನಪಿಸಿಕೊಳ್ಳಿ

ಚಿಲ್ಲರೆ ಹೊತ್ತಿಗೆ ಎಲ್ಲಕ್ಕಿಂತ ಚೆನ್ನಾಗಿ ಹೊಂದುವ ಕೆಲಸ ಇದು. ಪುಸ್ತಕ ಬೇಡ, ಬೆಳಕು ಬೇಡ, ಸೀಟೂ ಬೇಡ.

ಕಲಿತದ್ದು ಎಷ್ಟು ಬೇಗ ಮರೆಯುತ್ತದೆ ಅಂತ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ ತನ್ನ ಮೇಲೆ ತಾನೇ ಪ್ರಯೋಗ ಮಾಡಿ 1885ರಲ್ಲಿ ಬರೆದ. ಅರ್ಥವಿಲ್ಲದ ಅಕ್ಷರಗಳನ್ನು ಬಾಯಿಪಾಠ ಮಾಡುವುದು, ಗಂಟೆ ಬಿಟ್ಟು, ದಿನ ಬಿಟ್ಟು ಪರೀಕ್ಷಿಸುವುದು. ಹೆಚ್ಚಿನದು ಮೊದಲ ದಿನವೇ ಜಾರಿಹೋಗುತ್ತದೆ, ಆಮೇಲೆ ಜಾರುವುದು ನಿಧಾನ. ಒಂದೇ ಸಲ ಉದ್ದಕ್ಕೆ ಓದುವುದಕ್ಕಿಂತ ದಿನ ಬಿಟ್ಟು ದಿನ ಸ್ವಲ್ಪ ಸ್ವಲ್ಪ ಮಾಡಿದ್ದು ಉಳಿಯುತ್ತದೆ ಅನ್ನುವುದೂ ಅವನಿಗೆ ಆಗಲೇ ಕಂಡಿತ್ತು. ಅಂದರೆ ಮುರಿದ ಹೊತ್ತು ಕಲಿಕೆಗೆ ಶಾಪ ಅಲ್ಲ. ಸರಿಯಾಗಿ ಬಳಸಿದರೆ ಅದೇ ವರ.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಇನ್ನೊಂದನ್ನು ತೋರಿಸಿದರು. ಒಂದು ಗುಂಪಿನವರು ಪಾಠವನ್ನು ಮತ್ತೆ ಮತ್ತೆ ಓದಿದರು. ಇನ್ನೊಂದು ಗುಂಪಿನವರು ಓದಿ, ಪುಸ್ತಕ ಮುಚ್ಚಿ, ನೆನಪಿದ್ದಷ್ಟು ಬರೆದರು. ಐದು ನಿಮಿಷದ ನಂತರ ಕೇಳಿದರೆ ಮತ್ತೆ ಮತ್ತೆ ಓದಿದವರು ಮುಂದೆ. ಒಂದು ವಾರದ ನಂತರ ಕೇಳಿದರೆ ಮುಚ್ಚಿ ನೆನಪಿಸಿಕೊಂಡವರು ಮುಂದೆ. ಓದುವಾಗ ಎಲ್ಲ ಗೊತ್ತಿದೆ ಅನ್ನಿಸುತ್ತದೆ, ಗೊತ್ತಿಲ್ಲದ್ದು ಕಾಣುವುದು ಪುಸ್ತಕ ಮುಚ್ಚಿದಾಗಲೇ.

ನನ್ನ ಒಂದು ದಿನ ಹೇಗಿರುತ್ತಿತ್ತು ನೋಡಿ. ರಾತ್ರಿ ಮಗಳ ಪುಸ್ತಕದ ಪಕ್ಕದಲ್ಲಿ ಕೂತು ಹತ್ತು ನಿಮಿಷ ಒಂದೇ ಸೂತ್ರ ನೋಡುತ್ತಿದ್ದೆ. ಉದಾಹರಣೆಗೆ ಸಮ್‌ಇಫ್ (SUMIF), ನಾವು ಹೇಳಿದ್ದಕ್ಕೆ ಹೊಂದುವ ಸಾಲುಗಳ ಮೊತ್ತ ಮಾತ್ರ ಕೂಡುವ ಸೂತ್ರ. ಅದು ಮೂರು ವಿಷಯ ಕೇಳುತ್ತದೆ: ಯಾವ ಕಂಬದಲ್ಲಿ (ಕಾಲಮ್) ಹುಡುಕಲಿ, ಏನನ್ನು ಹುಡುಕಲಿ, ಸಿಕ್ಕರೆ ಯಾವ ಕಂಬದ ಮೊತ್ತ ಕೂಡಲಿ. ಚೀಟಿಯ ಮೇಲೆ ಉತ್ತರ ಬರೆಯುತ್ತಿರಲಿಲ್ಲ, ಪ್ರಶ್ನೆ ಮಾತ್ರ: "ಏಜೆಂಟ್ 4ರ ಜನವರಿ ಮೊತ್ತ ಬೇಕು. ಮೂರು ವಿಷಯ ಯಾವುವು?" ಮುಂಜಾನೆ ಎಸರಿನ ಮುಂದೆ ಒಮ್ಮೆ ಪ್ರಶ್ನೆ ನೋಡುವುದು. ಟಿಕೆಟ್ ಕೈಗೆ ಬಂದಾಗ ಮನಸ್ಸಿನಲ್ಲಿ ಉತ್ತರ ಹೇಳಿಕೊಳ್ಳುವುದು. ಮೊದಲ ದಿನ ಎರಡನೆಯದೂ ಮೂರನೆಯದೂ ಅದಲು ಬದಲಾಯಿತು. ಗದ್ದನಕೇರಿ ಕ್ರಾಸ್ ಬರುವವರೆಗೆ ತಡಕಾಡಿದೆ. ಆಫೀಸಿನಲ್ಲಿ ಕಂಪ್ಯೂಟರ್ ಚಾಲೂ ಆದ ಕೂಡಲೇ ಹಾಕಿ ನೋಡಿದೆ, ತಪ್ಪು ಮೊತ್ತ ಬಂತು. ತಿದ್ದಿದೆ. ಆ ತಪ್ಪನ್ನು ಇವತ್ತಿಗೂ ಮತ್ತೆ ಮಾಡಿಲ್ಲ. ಬಸ್ಸಿನಲ್ಲಿ ಅಷ್ಟು ತಡಕಾಡಿದ್ದಕ್ಕೇ ಅದು ಗಟ್ಟಿಯಾಯಿತು.

ಸಂಜೆ ಬರುವಾಗ ಅದೇ ಟಿಕೆಟ್ಟಿನ ಹಿಂದೆ, ಎಲ್ಲಿ ತಪ್ಪಿದೆ ಅಂತ ಒಂದು ಗೆರೆ. ಮೂರು ದಿನ ಬಿಟ್ಟು ಅದೇ ಪ್ರಶ್ನೆ ಮತ್ತೊಮ್ಮೆ, ವಾರ ಬಿಟ್ಟು ಇನ್ನೊಮ್ಮೆ. ಎರಡು ತಿಂಗಳಲ್ಲಿ ಹದಿನಾಲ್ಕು ಸೂತ್ರ ಬಂದವು. ಕೋರ್ಸಿಗೆ ಹೋಗಿದ್ದರೆ ಬೇಗ ಆಗುತ್ತಿತ್ತೋ ಏನೋ. ನನಗೆ ಸಂಜೆ ಕೋರ್ಸಿಗೆ ಹೋಗುವ ಹಾಗಿರಲಿಲ್ಲ.

ಇಂಗ್ಲಿಷ್ ಕಲಿಯುವವರು ಇದೇ ರೀತಿ ಮಾಡಬಹುದು. ಬಸ್ಸಿನ ಕಿಟಕಿಯಿಂದ ಕಂಡದ್ದನ್ನು ಮೂರು ವಾಕ್ಯದಲ್ಲಿ ಮನಸ್ಸಿನಲ್ಲೇ ಹೇಳಿಕೊಳ್ಳಿ, ಬಾರದ ಶಬ್ದ ಒಂದನ್ನು ಟಿಕೆಟ್ಟಿನ ಹಿಂದೆ ಬರೆದುಕೊಳ್ಳಿ. ಕಲಾದಗಿ ದಾರಿಯಲ್ಲಿ ದಾಳಿಂಬೆ, ಚಿಕ್ಕು ತೋಟಗಳು ಸಿಗುತ್ತವೆ. ಮಾತಾಡಲು ವಿಷಯಕ್ಕೆ ಬರ ಇಲ್ಲ.

ಕೈಗೊಂದು ಕೆಲಸ

ತಲೆ ದಣಿದಿರುವ ಹೊತ್ತೂ ಇರುತ್ತದೆ. ಸಂಜೆ ಟ್ಯೂಷನ್ ಹೊರಗಿನ ಕಟ್ಟೆಯ ಮೇಲೆ ನನಗೆ ಯಾವ ಸೂತ್ರವೂ ಹತ್ತುತ್ತಿರಲಿಲ್ಲ. ಆ ಹೊತ್ತಿಗೆ ನಾನು ಅತ್ತೆಯವರಿಂದ ಕಸೂತಿ ಕಲಿತೆ.

ಕಸೂತಿಯಲ್ಲಿ ನಾಲ್ಕು ಹೊಲಿಗೆ: ಗವಂತಿ, ಮುರಗಿ, ನೇಗಿ, ಮೆಂತಿ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಹಾಗಿಲ್ಲ. ಬಟ್ಟೆಯ ಎಳೆ ಎಣಿಸಿ ಹಾಕಬೇಕು. ಗಂಟು ಹಾಕುವುದಿಲ್ಲ. ಗವಂತಿಯಲ್ಲಿ ಸೂಜಿ ಹೋಗುವಾಗ ಒಂದು ಹೊಲಿಗೆ ಬಿಟ್ಟು ಒಂದು ಹಾಕುತ್ತ ಹೋಗುತ್ತದೆ. ಸಾಲು ತುಂಬ ಕಿಂಡಿಗಳು ಉಳಿಯುತ್ತವೆ. ಅದೇ ದಾರಿಯಲ್ಲಿ ವಾಪಸ್ ಬರುವಾಗ ಕಿಂಡಿಗಳು ತುಂಬುತ್ತವೆ. ಸರಿಯಾಗಿ ಹಾಕಿದರೆ ಬಟ್ಟೆಯ ಮುಂದೆಯೂ ಹಿಂದೆಯೂ ಒಂದೇ ಚಿತ್ತಾರ. ಇಳಕಲ್ ಸೀರೆಯ ಮೇಲೆ ಗೋಪುರ, ತೇರು, ಆನೆ ಎಲ್ಲ ಹೀಗೇ ಬಂದದ್ದು.

ಹದಿನೈದು ನಿಮಿಷಕ್ಕೆ ಇದು ಬಹಳ ಚೆನ್ನಾಗಿ ಹೊಂದುತ್ತದೆ. ಒಂದು ದಿನ ಹೋಗುವ ಸಾಲು, ಮರುದಿನ ಬರುವ ಸಾಲು. ಎಲ್ಲಿ ಬಿಟ್ಟೆ ಅಂತ ಹುಡುಕುವುದೇ ಬೇಡ, ಸೂಜಿ ಅಲ್ಲೇ ಚುಚ್ಚಿರುತ್ತದೆ. ಮೊದಲ ವಾರ ಅವಸರ ಮಾಡಿ ಒಂದು ಎಳೆ ತಪ್ಪಿದೆ. ಅತ್ತೆ ಬಟ್ಟೆಯನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಆ ಜಾಗ ತೋರಿಸಿ ಹೇಳಿದರು, "ಎಳಿ ಎಣಸು. ಇಲ್ಲಿ ಒಂದು ತಪ್ಪಿದ್ರ ಮ್ಯಾಲೆ ಗೋಪುರದ ತುದಿ ಕೂಡಂಗಿಲ್ಲ." ಬಿಚ್ಚಿ ಮತ್ತೆ ಹಾಕಿದೆ. ಆ ಕಾಲು ಗಂಟೆಯಲ್ಲಿ ಆಫೀಸಿನ ಯಾವ ಮಾತೂ ತಲೆಗೆ ಬರುವುದಿಲ್ಲ. ಎಣಿಕೆ ತಪ್ಪುತ್ತದಲ್ಲ, ಬರಲು ಜಾಗವೇ ಇಲ್ಲ.

ನಿಮ್ಮ ಕೈಗೆ ಕಸೂತಿಯೇ ಆಗಬೇಕಿಲ್ಲ. ಬೇಕಾದದ್ದು ಎರಡು ಗುಣ: ಎಲ್ಲಿ ಬೇಕಾದರೂ ನಿಲ್ಲಿಸಲು ಬರಬೇಕು, ಮತ್ತೆ ಹಿಡಿದಾಗ ನಿಂತ ಜಾಗ ತಾನಾಗಿ ಕಾಣಬೇಕು.

ಎಲ್ಲ ಹೊತ್ತನ್ನೂ ತುಂಬಬೇಡಿ

ಇದನ್ನು ನಾನು ತಪ್ಪು ಮಾಡಿ ಕಲಿತದ್ದು, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಎಕ್ಸೆಲ್ ಹಿಡಿತಕ್ಕೆ ಬಂದ ಮೇಲೆ ನನಗೆ ಆಸೆ ಹೆಚ್ಚಾಯಿತು. ರೊಟ್ಟಿ ಬಡಿಯುವಾಗ, ಭಾಂಡೆ ತಿಕ್ಕುವಾಗ, ನಳದ ಮುಂದೆ, ಎಲ್ಲ ಕಡೆ ಕಿವಿಗೆ ಇಯರ್‌ಫೋನ್ ಹಾಕಿ ಏನಾದರೂ ಪಾಠ ಕೇಳತೊಡಗಿದೆ. ಒಂದು ಸಂಜೆ ಮಗಳು ಅಡುಗೆ ಮನೆ ಬಾಗಿಲಿಗೆ ಒರಗಿ ನಿಂತು ಏನೋ ಹೇಳುತ್ತಿದ್ದಳು. ನಾನು ಹೂಂ ಅಂದೆ, ಮತ್ತೆ ಹೂಂ ಅಂದೆ. ಎರಡು ದಿನ ಬಿಟ್ಟು ಅವಳ ಗೆಳತಿಯ ತಾಯಿ ಹೇಳಿದಾಗ ಗೊತ್ತಾಯಿತು, ಅವತ್ತು ಶಾಲೆಯಲ್ಲಿ ಅವಳನ್ನು ಎಲ್ಲರ ಮುಂದೆ ನಿಲ್ಲಿಸಿ ಬೈದಿದ್ದರು. "ನನಗ್ಯಾಕ ಹೇಳಲಿಲ್ಲ?" ಅಂದೆ. "ಹೇಳಿದ್ನೆಲ್ಲವಾ, ನೀ ಹೂಂ ಅಂದಿ" ಅಂದಳು. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಾಗಿದ್ದರೆ ಒಳ್ಳೆಯದಿತ್ತು.

ಅವತ್ತಿನಿಂದ ಮೂರು ಹೊತ್ತನ್ನು ನಾನು ಯಾವ ಖಾತೆಗೂ ಹಾಕಿಲ್ಲ. ಮಗಳು ಶಾಲೆಯಿಂದ ಬಂದು ಚೀಲ ಇಳಿಸುವ ಹತ್ತು ನಿಮಿಷ. ರಾತ್ರಿ ಊಟಕ್ಕೆ ಕೂತ ಹೊತ್ತು. ಸಂಜೆ ಬಸ್ಸಿನಲ್ಲಿ ಟಿಕೆಟ್ಟಿನ ಹಿಂದೆ ಒಂದು ಗೆರೆ ಬರೆದ ಮೇಲಿನ ಹೊತ್ತು. ಅಲ್ಲಿ ಕಿಟಕಿ ಹೊರಗೆ ನೋಡುತ್ತೇನೆ, ಇಲ್ಲದಿದ್ದರೆ ಕಣ್ಣು ಮುಚ್ಚುತ್ತೇನೆ. ನೀವೂ ಖಾತೆ ತೆರೆಯುವ ಮೊದಲೇ ಇಂಥ ಎರಡು ಮೂರು ಹೊತ್ತನ್ನು ಚೀಟಿಯಲ್ಲಿ ಗೆರೆ ಎಳೆದು ಬೇರೆ ಇಡಿ. ಯಾವುದು ಅಂತ ಆರಿಸುವುದು ಕಷ್ಟವಲ್ಲ. ಯಾರಾದರೂ ನಿಮ್ಮ ಹತ್ತಿರ ಬಂದು ಮಾತಾಡುವ ಹೊತ್ತು ಯಾವುದೋ, ಅದನ್ನು ಮುಟ್ಟಬೇಡಿ.

ಮನುಷ್ಯರ ಜೊತೆಗಿನ ಸಣ್ಣ ಹೊತ್ತಿಗೂ ಸ್ವಲ್ಪ ಸಿದ್ಧತೆ ಬೇಕು. ನನ್ನ ಅಪ್ಪ ಮುದ್ದೇಬಿಹಾಳದ ಕಡೆ ಹಳ್ಳಿಯಲ್ಲಿದ್ದಾರೆ. ಫೋನ್ ಮಾಡಿದರೆ "ಊಟ ಆತು?" "ಆತು." "ಆರಾಮ?" "ಆರಾಮ." ಅಲ್ಲಿಗೆ ಮುಗಿಯುತ್ತಿತ್ತು. ಈಗ ಫೋನ್ ಮಾಡುವ ಮೊದಲು ಒಂದು ಪ್ರಶ್ನೆ ಯೋಚಿಸಿ ಇಟ್ಟುಕೊಳ್ಳುತ್ತೇನೆ. "ಇವತ್ತ ಕಟ್ಟಿ ಮ್ಯಾಲೆ ಯಾರ್ಯಾರು ಬಂದಿದ್ರಪಾ?" ಅಂತ ಕೇಳಿದರೆ ಸಾಕು, ಐದು ನಿಮಿಷ ಊರಿನ ಸುದ್ದಿ ಬರುತ್ತದೆ. ನಡುವೆ ತಾನಾಗಿಯೇ ಮೊಣಕಾಲು ನೋವಿನ ಮಾತೂ ಬರುತ್ತದೆ, ಆರಾಮ ಅಂತ ಕೇಳಿದಾಗ ಎಂದೂ ಬಾರದ್ದು.

ಪಾಸ್‌ಬುಕ್

ಬರೆಯದ ಪಿಗ್ಮಿಗೆ ಲೆಕ್ಕ ಇಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಮನೆಯ ಮೂಲೆಗೆ ಒಂದು ಚುಕ್ಕೆ ಇಡಿ. ಎಷ್ಟು ನಿಮಿಷ ಅಂತ ಬರೆಯಬೇಡಿ, ಬರೆದರೆ ಕಡಿಮೆ ಆದ ದಿನ ಮನಸ್ಸು ಕುಗ್ಗುತ್ತದೆ. ಗೂಟ ಬಂದಾಗ ಕೆಲಸ ಶುರು ಮಾಡಿದಿರಾ, ಚುಕ್ಕೆ. ಇಷ್ಟೇ ನಿಯಮ.

ತಪ್ಪಿದ ದಿನ ಏನು? ಮರುದಿನ ಚುಕ್ಕೆ ಇಡಿ. 21 ದಿನದಲ್ಲಿ ರೂಢಿ ಆಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಆಗದಿದ್ದಾಗ ಬಿಟ್ಟುಬಿಡುತ್ತಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನು 12 ವಾರ ಗಮನಿಸಿದರು. ಒಂದು ಕೆಲಸ ಯೋಚಿಸದೆ ನಡೆಯುವ ಹಂತಕ್ಕೆ ಬರಲು ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನ ಬೇಕಾದೀತು ಅಂತ ಲೆಕ್ಕ ಬಂತು. ನಡುವಿನ ಸಂಖ್ಯೆ 66. ನಡುವೆ ಒಂದು ದಿನ ತಪ್ಪಿದ್ದಕ್ಕೆ ಹೇಳಿಕೊಳ್ಳುವಂಥ ನಷ್ಟವೂ ಆಗಲಿಲ್ಲ. ನನಗೆ ಟಿಕೆಟ್ಟಿನ ರೂಢಿ ಹತ್ತಿದ್ದು ಮೂರನೇ ತಿಂಗಳಲ್ಲಿ. ಅದಕ್ಕಿಂತ ಮೊದಲು ಜ್ವರ, ಜಾತ್ರೆ, ಮದುವೆ ಅಂತ ಹನ್ನೊಂದು ಮನೆ ಖಾಲಿ ಇವೆ. ಆ ಕ್ಯಾಲೆಂಡರನ್ನು ಇನ್ನೂ ಎಸೆದಿಲ್ಲ.

ಇನ್ನೊಂದು ಎಚ್ಚರ. 91 ಗಂಟೆ ಅಂತ ಮೇಲೆ ಲೆಕ್ಕ ಹಾಕಿದೆನಲ್ಲ, ದುಡ್ಡಿನ ಹಾಗೆ ಹೊತ್ತು ಪೂರ್ತಿ ಕೂಡುವುದಿಲ್ಲ. ಹತ್ತು ಹತ್ತು ರೂಪಾಯಿಯ ಹತ್ತು ನೋಟಿಗೂ ನೂರರ ಒಂದು ನೋಟಿಗೂ ಬೆಲೆ ಒಂದೇ. ಆರು ನಿಮಿಷದ ಹತ್ತು ತುಂಡಿಗೂ ಒಂದು ಗಂಟೆಗೂ ಬೆಲೆ ಒಂದೇ ಅಲ್ಲ. ವರ್ಷದ ಕೊನೆಯ ತಾಳೆಪಟ್ಟಿ, ಗಂಡ ಹೆಂಡತಿ ಕೂತು ಮನೆ ಸಾಲದ ಬಗ್ಗೆ ಮಾತಾಡುವುದು, ಹೊಸ ವಿಷಯವನ್ನು ಮೊದಲ ಸಲ ಅರ್ಥ ಮಾಡಿಕೊಳ್ಳುವುದು, ಇವು ಚಿಲ್ಲರೆ ಹೊತ್ತಿಗೆ ಬಗ್ಗುವುದಿಲ್ಲ. ಇವಕ್ಕೆ ಭಾನುವಾರ ಮುಂಜಾನೆ ಬಾಗಿಲು ಹಾಕಿ ಗಂಟೆ ಹೊತ್ತು ತೆಗೆಯಬೇಕು. ಬಿತ್ತುವ ಕೆಲಸಕ್ಕೆ ಪೂರ್ತಿ ದಿನ ಬೇಕು. ಕಳೆ ಕೀಳುವುದು, ನೀರು ಹಾಯಿಸುವುದು ನಡುನಡುವೆ ಆಗುತ್ತದೆ.

ಅಮಾವಾಸ್ಯೆಯ ಲೆಕ್ಕ

ನಮ್ಮ ಕಡೆ ಅಮಾವಾಸ್ಯೆಗೆ ಅಂಗಡಿ, ಗಾಡಿ ಪೂಜೆ ಮಾಡುತ್ತಾರೆ. ನಾನು ಅವತ್ತು ರಾತ್ರಿ ಟಿಕೆಟ್ಟುಗಳನ್ನು ಎದುರಿಗೆ ಹರಡಿಕೊಂಡು ಕೂರುತ್ತೇನೆ. ಬಸ್ಸಿನ ಟಿಕೆಟ್ಟಿನ ಮಸಿ ಬೇಗ ಮಾಸುತ್ತದೆ, ಹಿಂದೆ ಪೆನ್ನಿನಲ್ಲಿ ಬರೆದ ನನ್ನ ಗೆರೆ ಉಳಿದಿರುತ್ತದೆ. ಮೂರು ಪ್ರಶ್ನೆ ನೋಡಿಕೊಳ್ಳುತ್ತೇನೆ. ಕಲಿತದ್ದನ್ನು ಈ ತಿಂಗಳು ಎಲ್ಲಾದರೂ ಬಳಸಿದೆನಾ? ಗೂಟ ಗಟ್ಟಿ ಇದೆಯಾ, ಬೇರೆ ಕಡೆ ಹುಗಿಯಬೇಕಾ? ಬೇರೆ ಇಟ್ಟ ಮೂರು ಹೊತ್ತಿನಲ್ಲಿ ಯಾವುದಕ್ಕಾದರೂ ಕೈ ಹಾಕಿದೆನಾ? ಮೂರನೆಯದನ್ನು ಮಗಳನ್ನೇ ಕೇಳುತ್ತೇನೆ. ಅವಳು ಸುಳ್ಳು ಹೇಳುವುದಿಲ್ಲ.

ಎರಡು ತಿಂಗಳು ಓಡಿಸಿಯೂ ಕಲಿತದ್ದು ಎಲ್ಲೂ ಬಳಕೆಗೆ ಬರದಿದ್ದರೆ ಆ ಖಾತೆ ಮುಚ್ಚಿ, ಬೇರೆ ತೆರೆಯಿರಿ. ಪ್ರಾಣಾಯಾಮದ್ದು ನಾನು ಹಾಗೇ ಮುಚ್ಚಿದೆ. ಎಕ್ಸೆಲ್ ಈಗ ಕೈಗೆ ಕೂತಿದೆ, ತಿಂಗಳ ಕೊನೆಗೆ ಐದೂವರೆಯ ಬಸ್ಸು ಸಿಗುತ್ತದೆ. ಈ ಅಮಾವಾಸ್ಯೆಯಿಂದ ಟಿಕೆಟ್ಟಿನ ಖಾತೆಗೆ ವಚನಗಳನ್ನು ಹಾಕಿದ್ದೇನೆ, ವಾರಕ್ಕೊಂದರಂತೆ. ಎಸರಿನ ಮುಂದೆ ಒಂದು ಸಾಲು, ಬಸ್ಸಿನಲ್ಲಿ ಅದರ ಅರ್ಥ. ಕಸೂತಿಯಲ್ಲಿ ಗೋಪುರದ ತುದಿಗೆ ಇನ್ನೂ ಆರು ಸಾಲು ಇವೆ. ನಾಳೆ ಮಂಗಳವಾರ, ಟ್ಯೂಷನ್ ಇದೆ. ಬರುವ ಸಾಲು ಹಾಕಬೇಕು.